ಸವೆದ ಕಿರುಬೆರಳು

ನನ್ನ ತಂಗಿ ಕೃಷ್ಣನಿಗೆ ಅಂಗಿ ಹೊಲಿಸುತ್ತಾಳೆ. ಕಾಪುವಿನಲ್ಲಿ ಅವಳ ಮನೆಯ ಹತ್ತಿರ ಒಬ್ಬ ಟೈಲರ್ ಇದ್ದಾನೆ. ಒಂದು ಗೇಣು ಎತ್ತರದ ಪಂಚಲೋಹದ ವಿಗ್ರಹಕ್ಕೆ ನೂಲಿನಲ್ಲಿ ಅಳತೆ ತೆಗೆದು, ಅವನ ಕೈಗೆ ಕೊಟ್ಟು, ಜರಿ ಅಂಚು ಇಡಿಸಿ ಹೊಲಿಸಿಕೊಂಡು ಬರುತ್ತಾಳೆ. ಹಬ್ಬಕ್ಕೊಂದು, ಮಳೆಗಾಲಕ್ಕೆ ದಪ್ಪ ಬಟ್ಟೆಯದೊಂದು. ಅದರ ಮೇಲೆ ತುಳಸಿ ಮಾಲೆ, ಶಂಕರಪುರ ಮಲ್ಲಿಗೆ, ತಲೆಗೆ ಮುತ್ತಿನ ಕಿರೀಟ. ಅಲಂಕಾರವೆಲ್ಲ ಮುಗಿದ ಮೇಲೆ ಕೃಷ್ಣನದು ಎಂದು ಕಾಣಲು ಉಳಿಯುವುದು ಒಂದು ಮೂಗು, ಅದೂ ಅರ್ಧ ಸವೆದದ್ದು.

ಅದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆಕಿಚ್ಚು. ಕಲೆಯ ಮೇಲಿನ ಕಾಳಜಿ, ಪರಂಪರೆಯ ಚಿಂತೆ ಎಂದೆಲ್ಲ ನಾನು ಅದಕ್ಕೆ ಬೇರೆ ಬೇರೆ ಹೆಸರು ಕೊಟ್ಟು ನೋಡಿದ್ದೇನೆ. ಅರುವತ್ತು ದಾಟಿದ ಮೇಲೆ ಹೆಸರು ಬದಲಿಸಿ ಪ್ರಯೋಜನವಿಲ್ಲ. ಆ ಕೃಷ್ಣ ಅವಳ ಮನೆಯಲ್ಲಿದ್ದಾನೆ, ನನ್ನ ಮನೆಯಲ್ಲಿಲ್ಲ, ಅಷ್ಟೇ ವಿಷಯ.

ಮಣಿಪಾಲದ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ನಾನು ಮೂವತ್ತು ವರ್ಷ ಕೆಲಸ ಮಾಡಿದೆ. ಶಿಲ್ಪಶಾಸ್ತ್ರದ ಪುಸ್ತಕಗಳು ಒಂದು ಮೂಲೆಯ ಕಪಾಟಿನಲ್ಲಿದ್ದವು. ಅವನ್ನು ಯಾರೂ ಕೇಳುತ್ತಿರಲಿಲ್ಲವಾದ್ದರಿಂದ ನಾನೇ ಓದಿದೆ. ನಿವೃತ್ತಿಯಾದ ಮೇಲೆ, ಅಲ್ಲಿ ಇಲ್ಲಿ ಕರೆದವರ ಮುಂದೆ ಕಂಚಿನ ಮೂರ್ತಿಗಳ ಬಗ್ಗೆ ಮಾತಾಡುವುದು ಅಭ್ಯಾಸವಾಯಿತು. ದೇವರ ಕಣ್ಣು ಯಾಕೆ ಅರೆಮುಚ್ಚಿದೆ, ಕಿವಿಯ ಹಾಲೆ ಯಾಕೆ ಅಷ್ಟು ಉದ್ದ, ಪೀಠ ಯಾಕೆ ತಾವರೆಯದ್ದು, ಕುಣಿಯುವ ಶಿವನ ಒಂದು ಕೈ ಯಾಕೆ ಎತ್ತಿದ ಪಾದವನ್ನೇ ತೋರಿಸುತ್ತದೆ, ಎಲ್ಲವನ್ನೂ ಹೇಳುತ್ತೇನೆ. ಶಿವನ ಕಾಲ ಕೆಳಗಿನ ಕುಳ್ಳ ಅಜ್ಞಾನದ ಸಂಕೇತ ಎಂದರೆ ಜನ ತಲೆಯಾಡಿಸುತ್ತಾರೆ. ಅವನನ್ನು ಶಿವ ಕೊಲ್ಲುವುದಿಲ್ಲ, ಮೆಟ್ಟಿ ಇಟ್ಟುಕೊಳ್ಳುತ್ತಾನೆ, ಕಾಲು ತೆಗೆದರೆ ಅವನು ಎದ್ದು ಬರುತ್ತಾನೆ ಎಂದರೆ ಸ್ವಲ್ಪ ನಗುತ್ತಾರೆ.

ವಿಷ್ಣುವಿನ ಎರಡು ಬದಿಗೆ ನಿಲ್ಲುವ ಶ್ರೀದೇವಿ ಭೂದೇವಿಯರನ್ನು ತೋರಿಸುವಾಗ ಮಾತ್ರ ನನ್ನ ದನಿ ಬೇರೆಯಾಗುತ್ತದಂತೆ. ಹಾಗೆಂದು ನನ್ನ ಯಜಮಾನರು ಹೇಳುತ್ತಾರೆ. ಇಬ್ಬರೂ ದೇವಿಯರು ಅವನ ಕಡೆಗಿರುವ ಕೈಯಲ್ಲಿ ಹೂ ಹಿಡಿದಿರುತ್ತಾರೆ. ಹೊರಗಿನ ಕೈ ಖಾಲಿ, ಸುಮ್ಮನೆ ಕೆಳಗೆ ಜೋತಿರುತ್ತದೆ. ದನದ ಬಾಲದ ಹಾಗೆ ಸಡಿಲವಾಗಿರಬೇಕು ಎಂದು ಶಾಸ್ತ್ರ. ಎಲ್ಲರೂ ಹೂವನ್ನು ನೋಡುತ್ತಾರೆ. ನನ್ನ ಕಣ್ಣು ಹೋಗುವುದು ಆ ಖಾಲಿ ಕೈಗೆ.

ನಮ್ಮ ಕೃಷ್ಣನ ಅರ್ಥವನ್ನು ಮಾತ್ರ ನಾನು ಪುಸ್ತಕದಿಂದ ಕಲಿತದ್ದಲ್ಲ. ಉಡುಪಿಯಲ್ಲಿ ರಥಬೀದಿಯ ಹಿಂದಿನ ಓಣಿಯಲ್ಲಿ ನಾವು ಬೆಳೆದದ್ದು. ಮನೆಯಲ್ಲಿ ಸಾಲಿಗ್ರಾಮದ ಪೂಜೆ ಗಂಡಸರದ್ದು, ಅದರ ಹತ್ತಿರ ನಾವು ಹೋಗುವ ಹಾಗಿರಲಿಲ್ಲ. ಈ ಕೃಷ್ಣ ಅಡುಗೆಮನೆಯ ಗೂಡಿನಲ್ಲಿದ್ದವನು, ಹೆಂಗಸರ ಕೃಷ್ಣ. ಅಜ್ಜಿಯಿಂದ ಅಮ್ಮನಿಗೆ ಬಂದದ್ದು. ತಾಯಿಯಿಂದ ಒಬ್ಬ ಮಗಳಿಗೆ ಹೋಗುವುದು ನಮ್ಮಲ್ಲಿನ ಕ್ರಮ. ಎಷ್ಟು ಮಕ್ಕಳಿದ್ದರೂ ಒಬ್ಬಳಿಗೆ ಮಾತ್ರ.

ಶುಕ್ರವಾರ ಬೆಳಿಗ್ಗೆ ಅಮ್ಮ ಅವನನ್ನು ಹುಣಸೆಹುಳಿ ಹಾಕಿ ತಿಕ್ಕುತ್ತಿದ್ದಳು. ತಂಗಿ ಬಾವಿಯಿಂದ ನೀರು ತಂದುಕೊಡುತ್ತಿದ್ದಳು. ನಾನು ಪಕ್ಕದಲ್ಲಿ ಕುಳಿತು ಪ್ರಶ್ನೆ ಕೇಳುತ್ತಿದ್ದೆ. ಎಡಗಾಲು ಪೀಠದ ಮೇಲೆ ಬಾಗಿ ಊರಿದೆ, ಬಲಗಾಲು ಮಡಚಿ ಮೇಲಕ್ಕೆ ಎದ್ದಿದೆ, ಎಡಗೈ ಆನೆಯ ಸೊಂಡಿಲಿನ ಹಾಗೆ ಬದಿಗೆ ಚಾಚಿದೆ, ಬಲಗೈ ಅಂಗೈ ತೋರಿಸುತ್ತಿದೆ. ಕಾಲು ಯಾಕೆ ಎತ್ತಿದ್ದಾನೆ ಅಮ್ಮ ಎಂದರೆ, ಒಂದು ಕಾಲು ನೆಲದ್ದು, ಒಂದು ಕಾಲು ಅವನದ್ದು ಎನ್ನುತ್ತಿದ್ದಳು. ಕೈ ಯಾಕೆ ಚಾಚಿದ್ದಾನೆ ಎಂದರೆ, ಬೀಳದ ಹಾಗೆ, ನೀನು ಗದ್ದೆಯ ಬದುವಿನಲ್ಲಿ ನಡೆಯುವಾಗ ಚಾಚುವುದಿಲ್ಲವಾ ಎನ್ನುತ್ತಿದ್ದಳು. ಎತ್ತಿದ ಅಂಗೈಗೆ ಹೆದರಬೇಡ ಎಂಬ ಅರ್ಥ ಎಂದು ನಾನು ಆಮೇಲೆ ಓದಿದೆ. ಅಮ್ಮ ಹೇಳುತ್ತಿದ್ದದ್ದು ಬೇರೆ.

"ಬೆಣ್ಣೆ ಕದ್ದಿಲ್ಲ, ನೋಡಿ ಕೈ ಖಾಲಿ ಉಂಟು ಅಂತ ತೋರಿಸುದು. ಕದ್ದವರೇ ಮೊದಲು ಕೈ ತೋರಿಸುದಲ್ವಾ?"

ನಾನು ನಗುತ್ತಿದ್ದೆ. ತಂಗಿ ಅಷ್ಟು ಹೊತ್ತಿಗೆ ಇನ್ನೊಂದು ಕೊಡ ನೀರಿಗೆ ಹೋಗಿರುತ್ತಿದ್ದಳು.

ಅಮ್ಮ ಕೊನೆಯ ಆರು ವರ್ಷ ಇದ್ದದ್ದು ನನ್ನ ಹತ್ತಿರ, ಪರ್ಕಳದಲ್ಲಿ. ಅವಳ ಮಾತ್ರೆ, ಅವಳ ಗಂಜಿ, ಅವಳ ಕಾಲುನೋವಿನ ಎಣ್ಣೆ, ಅವಳ ಸಿಟ್ಟು, ಎಲ್ಲ ನನ್ನದು. ತಂಗಿ ಹದಿನೈದು ದಿನಕ್ಕೊಮ್ಮೆ ಕಾಪುವಿನಿಂದ ಮಟ್ಟುಗುಳ್ಳ ಬದನೆ ಹಿಡಿದುಕೊಂಡು ಬರುತ್ತಿದ್ದಳು. ಬಂದವಳು ಅಮ್ಮನ ತಲೆ ಬಾಚಿ, ನಾಲ್ಕು ಊರಿನ ಸುದ್ದಿ ಹೇಳಿ, ಸಂಜೆ ಬಸ್ಸಿಗೆ ಹೋಗುತ್ತಿದ್ದಳು. ಅವಳು ಹೋದ ಮೇಲೆ ಅಮ್ಮನ ಬಾಯಲ್ಲಿ ಎರಡು ದಿನ ಅವಳದೇ ಮಾತು. ದಿನಾ ಸಾರು ಮಾಡಿ ಬಡಿಸುವವಳ ಸಾರಿಗೆ ಉಪ್ಪು ಕಡಿಮೆ, ಹದಿನೈದು ದಿನಕ್ಕೊಮ್ಮೆ ಬರುವವಳ ಗುಳ್ಳ ಅಮೃತ.

ಹೀಗೆ ಅವಳು ಬರುವ ಒಂದು ದಿನ, ಬೆಳಿಗ್ಗೆಯೇ ಅಮ್ಮ ನನ್ನನ್ನು ಕರೆದು ಕೇಳಿದಳು. "ಕೃಷ್ಣನನ್ನು ತಂಗಿಗೆ ಕೊಡಲಾ? ನಿನಗೆ ಬೇಕಾ?"

ನಾನು ತೆಂಗಿನಕಾಯಿ ತುರಿಯುತ್ತಿದ್ದೆ. ಬೇಕು ಎಂಬ ಒಂದು ಮಾತು ಸಾಕಿತ್ತು. ಆದರೆ ಕೇಳಿದ ರೀತಿ ನೋಡಿ. ಮೊದಲು ತಂಗಿಗೆ ಕೊಡಲಾ, ಆಮೇಲೆ ನಿನಗೆ ಬೇಕಾ. ಆರು ವರ್ಷ ನೋಡಿಕೊಂಡವಳ ಹತ್ತಿರ ಕೇಳುವ ಪ್ರಶ್ನೆಯೇ ಅದು? ಕೇಳದೆ ಕೊಡಬೇಕಿತ್ತು ಎಂದು ನನಗೆ ಅನಿಸಿತು.

"ಕೊಡು ಅಮ್ಮ, ನನಗೆಂತ" ಎಂದೆ. ಅಮ್ಮ ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಕೇಳಿದಳು. ನಾನು ತುರಿಯುವ ಸದ್ದು ಜೋರು ಮಾಡಿದೆ.

ಮಧ್ಯಾಹ್ನ ಊಟವಾದ ಮೇಲೆ ಅಮ್ಮನ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಕೃಷ್ಣ ತಂಗಿಯ ಮಡಿಲಿಗೆ ಹೋದ. ಅವಳು ಅತ್ತಳು. ಅವಳಿಗೆ ಅಳು ಸುಲಭ. ನಾನು ಪಾತ್ರೆ ತೊಳೆದೆ. ಮಂಗನ ಕೈಗೆ ಮಾಣಿಕ್ಯ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಆ ಮೂರ್ತಿಯ ಕಾಲು ಯಾಕೆ ಎತ್ತಿದೆ ಎಂದು ಅವಳು ಒಮ್ಮೆಯಾದರೂ ಕೇಳಿದ್ದಾಳೆಯೇ? ಇದಾಗಿ ಹನ್ನೆರಡು ವರ್ಷವಾಯಿತು. ಅಮ್ಮ ಅದೇ ವರ್ಷ ತೀರಿಕೊಂಡಳು.

ಈ ಹನ್ನೆರಡು ವರ್ಷದಲ್ಲಿ ನಾನು ಕಾಪುವಿಗೆ ಹೋದಾಗಲೆಲ್ಲ ಅಂಗಿಯ ಒಳಗೆ ಅವನ ಮೊಣಕಾಲು ಎಲ್ಲಿದೆ, ಸೊಂಡಿಲಿನಂಥ ಕೈ ಎಲ್ಲಿದೆ ಎಂದು ಹುಡುಕುತ್ತಾ ಕುಳಿತಿದ್ದೇನೆ. ಒಮ್ಮೆ ಹೇಳಿಯೂ ಬಿಟ್ಟೆ. ಈ ಮೂರ್ತಿಯಲ್ಲಿ ಇರುವುದೇ ನೃತ್ಯ, ಅದನ್ನೇ ಮುಚ್ಚಿದರೆ ಮಾಡಿದವನ ಶ್ರಮ ಏನಾಯಿತು ಎಂದೆ. ಅವಳು ನಕ್ಕಳು.

"ಮಕ್ಕಳು ಕುಣಿತಾರೆ ಅಂತ ಅಂಗಿ ಹಾಕದೆ ಬಿಡ್ತಾರಾ ಅಕ್ಕ?"

ಆ ಮಾತಿಗೂ ಹೊಟ್ಟೆ ಉರಿಯಿತು.

ಹೋದ ವರ್ಷ ಮಳೆಗಾಲ ಮುಗಿದ ಮೇಲೆ ನನಗೊಂದು ಉಪಾಯ ಹೊಳೆಯಿತು. ಕಾರ್ಕಳದಲ್ಲಿ ಎರಕ ಹೊಯ್ಯುವ ಒಬ್ಬರಿದ್ದಾರೆ, ಹಳೆಯ ಕಸುಬಿನವರು. ಕೃಷ್ಣನನ್ನು ಅವರಿಗೆ ತೋರಿಸಿ ಅಂಥದೇ ಇನ್ನೊಂದು ಮಾಡಿಸಿದರೆ? ಅವಳದು ಅವಳಿಗೆ, ನನ್ನದು ನನಗೆ. ಆದರೆ ತಂಗಿಗೆ ಹಾಗೆ ಹೇಳಲು ನಾಲಿಗೆ ಬರಲಿಲ್ಲ. ಹೇಳಿದರೆ ನನಗೆ ಆಸೆಯಿತ್ತು ಎಂದು ಗೊತ್ತಾಗುತ್ತದಲ್ಲ. ಮಣಿಪಾಲದಲ್ಲಿ ನನ್ನದೊಂದು ಉಪನ್ಯಾಸವಿತ್ತು. ಅಲ್ಲಿ ತೋರಿಸಲು ಎರಡು ದಿನದ ಮಟ್ಟಿಗೆ ಬೇಕು ಎಂದೆ.

ತಂಗಿ ಕೊಟ್ಟಳು. ಕೊಡುವಾಗ ಅವಳು ಹೇಳಿದ ನಿಯಮಗಳನ್ನು ಕೇಳಬೇಕು. ಬಸ್ಸಿನಲ್ಲಿ ಚೀಲಕ್ಕೆ ಹಾಕಬಾರದು, ಮಡಿಲಲ್ಲಿ ಇಟ್ಟುಕೊಳ್ಳಬೇಕು. ಬೆಳಿಗ್ಗೆ ಹಾಲು ಇಡಬೇಕು, ಬಿಸಿ ಇರಬಾರದು. ಮರುದಿನ ಏಳು ಗಂಟೆಗೆ ಫೋನ್ ಬಂತು.

"ಕೃಷ್ಣ ಹಾಲು ಕುಡಿದನಾ?"

"ಕುಡಿದ" ಎಂದೆ. ಆಮೇಲೆ ನಾಚಿಕೆಯಾಗಿ ಒಂದು ಲೋಟ ಹಾಲು ಇಟ್ಟೆ.

ಉಪನ್ಯಾಸಕ್ಕೆ ಅಂಗಿ, ಮಾಲೆ, ಕಿರೀಟ ಎಲ್ಲ ತೆಗೆದು ಅವನನ್ನು ಮೇಜಿನ ಮೇಲೆ ನಿಲ್ಲಿಸಿದೆ. ಹನ್ನೊಂದು ವರ್ಷದ ಮೇಲೆ ಅವನ ಮೊಣಕಾಲು ಕಂಡಿತು. ಎತ್ತಿದ ಪಾದದ ಕೆಳಗೆ ಬೆಳಕು ಹಾದುಹೋಗುತ್ತಿತ್ತು. ಜನ ಎದ್ದು ಬಂದು ಸುತ್ತ ನಿಂತು ನೋಡಿದರು. ಒಬ್ಬಾಕೆ, ಇದು ನಿಮ್ಮ ಮನೆಯದ್ದಾ ಮೇಡಂ ಎಂದು ಕೇಳಿದರು. ನಾನು ಹೌದು ಎಂದೆ. ನಮ್ಮ ಮನೆಯದ್ದು ಎಂದರೆ ಸುಳ್ಳೇನೂ ಅಲ್ಲವಲ್ಲ.

ಮರುದಿನ ಪರ್ಕಳದಿಂದ ಹಿರಿಯಡ್ಕದ ಮೇಲೆ ಕಾರ್ಕಳಕ್ಕೆ ಹೋದೆ. ಆ ಕಸುಬಿನವರು ನನಗಿಂತ ಸ್ವಲ್ಪ ಹಿರಿಯರು. ಅವರ ಕೆಲಸದ ಕೊಟ್ಟಿಗೆಯಲ್ಲಿ ಮೇಣದ ಒಂದು ದೇವಿ ನೀರಿನ ಬೋಗುಣಿಯಲ್ಲಿ ಮಲಗಿತ್ತು. ಬಿಸಿಲಿಗೆ ಮೆತ್ತಗಾಗದಿರಲಿ ಎಂದು ಹಾಗೆ ಇಡುವುದಂತೆ. ಅವರು ಕೃಷ್ಣನನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ತಲೆಗೆ ಮುಟ್ಟಿಸಿ, ಬಾಗಿಲ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು.

"ಇಂಥದ್ದೇ ಇನ್ನೊಂದು ಆಗುದಿಲ್ಲ ಅಮ್ಮ" ಎಂದರು. "ಮೇಣದಲ್ಲಿ ಮಾಡಿ, ಮಣ್ಣು ಮೆತ್ತಿ, ಮೇಣ ಕರಗಿಸಿ, ಆ ಜಾಗಕ್ಕೆ ಲೋಹ ಹೊಯ್ಯುದು. ಆಮೇಲೆ ಮಣ್ಣು ಒಡೀಲೇ ಬೇಕು. ಒಂದಕ್ಕೆ ಒಂದೇ. ಕೃಷ್ಣ ಮಾಡಿ ಕೊಡ್ತೇನೆ, ಅದು ಬೇರೆ ಕೃಷ್ಣ ಆಗ್ತದೆ. ಈ ಮುಖ ನಾನು ಮಾಡಿದ್ರೆ ಬರುದಿಲ್ಲ. ಇದು ತೊಳೆದು ತೊಳೆದು ಆದ ಮುಖ."

"ಸವೆದ ಮುಖವನ್ನೇ ಹಾಗೆಯೇ ಮಾಡಲಿಕ್ಕೆ ಆಗುವುದಿಲ್ಲವೇ?" ಎಂದೆ.

"ಮಾಡಬಹುದು. ಅದು ಮೋಸ ಅಲ್ವಾ?"

ಆಗ ಅವರ ಕಣ್ಣು ಎತ್ತಿದ ಅಂಗೈಯ ಮೇಲೆ ನಿಂತಿತು. ಕಿರುಬೆರಳು ಇರಲಿಲ್ಲ. ಬುಡದಲ್ಲಿ ಎಳ್ಳಿನಷ್ಟು ಉಬ್ಬು, ಅಷ್ಟೇ. ನಾನು ಹಿಂದಿನ ದಿನ ಅಷ್ಟು ಜನರಿಗೆ ಆ ಕೈಯ ಅರ್ಥ ಹೇಳಿದ್ದೆ, ಬೆರಳು ಎಣಿಸಿರಲಿಲ್ಲ.

"ಮುರಿದಿದೆಯಾ?" ಎಂದೆ.

ಅವರು ಹೆಬ್ಬೆರಳಿನಿಂದ ಆ ಜಾಗವನ್ನು ಉಜ್ಜಿ ನೋಡಿದರು. "ಇಲ್ಲ. ಮುರಿದ್ರೆ ಅಂಚು ಕೈಗೆ ಸಿಗ್ತದೆ. ಇದು ನುಣುಪು ಉಂಟು. ಸವೆದದ್ದು. ಮುರಿದ್ರೆ ಭಿನ್ನ, ಪೂಜೆಗೆ ಆಗುದಿಲ್ಲ, ನೀರಿಗೆ ಬಿಡಬೇಕು, ಇಲ್ಲದಿದ್ರೆ ಗಾಜಿನ ಕಪಾಟಿನಲ್ಲಿ ನೋಡ್ಲಿಕ್ಕೆ ಇಡಬೇಕು. ಸವೆದ್ರೆ ಎಂತದೂ ಇಲ್ಲ. ಪೂಜೆ ಆದದ್ದಕ್ಕೇ ಅಲ್ವಾ ಸವೆಯುದು?"

ನಾನು ಕೈ ಮುಗಿದು ಹೊರಟೆ. ಅಲ್ಲಿಂದ ಬೆಳ್ಮಣ್ ಮೇಲೆ ಪಡುಬಿದ್ರಿಗೆ, ಅಲ್ಲಿ ಬಸ್ಸು ಬದಲಿಸಿ ಕಾಪುವಿಗೆ. ಕೃಷ್ಣ ಮಡಿಲಲ್ಲಿದ್ದ. ಆ ಒಂದು ಗಂಟೆಯ ದಾರಿಯಲ್ಲಿ ನನ್ನ ತಲೆಯಲ್ಲಿ ತಿರುಗಿದ್ದು ಒಂದೇ ಮಾತು, ಗಾಜಿನ ಕಪಾಟು. ಅದು ನನ್ನ ಮನೆಯಲ್ಲಿದೆ. ಪುಸ್ತಕದ್ದು. ಮಧ್ಯದ ಸಾಲಿನಲ್ಲಿ ನಾಲ್ಕು ಪುಸ್ತಕ ತೆಗೆದರೆ ಒಂದು ಗೇಣಿನ ಜಾಗವಾಗುತ್ತದೆ. ಬೆಳ್ಮಣ್ ಸ್ಟಾಪಿನಲ್ಲಿ ಬಸ್ಸು ನಿಂತಾಗ ನಾನು ಯಾವ ನಾಲ್ಕು ಪುಸ್ತಕ ತೆಗೆಯುವುದೆಂದು ಯೋಚಿಸುತ್ತಿದ್ದೆ.

ತಂಗಿ ಗೇಟಿನಲ್ಲೇ ಕಾದಿದ್ದಳು. ಕೃಷ್ಣನನ್ನು ತೆಗೆದುಕೊಂಡು, ತಿರುಗಿಸಿ ನೋಡಿ, "ಬಡವಾಗಿದ್ದಾನೆ" ಎಂದಳು. ಅವಳ ತಮಾಷೆ ಹಾಗೆಯೇ. ನಾನು ನಗಲಿಲ್ಲ. ಒಳಗೆ ಹೋಗಿ ಕುಳಿತು, ನೀರು ಕುಡಿದು, ಅಕ್ಕನ ದನಿಯಲ್ಲಿ ಹೇಳಿದೆ.

"ಒಂದು ವಿಷಯ ಉಂಟು. ಕಾರ್ಕಳದಲ್ಲಿ ಗೊತ್ತಿದ್ದವರಿಗೆ ತೋರಿಸಿದೆ. ಕಿರುಬೆರಳು ಮುರಿದಿದೆ ಅಂತೆ. ಭಿನ್ನವಾಗಿದೆ. ಪೂಜೆಗೆ ಇಡಬಾರದು ಅಂದರು."

ಅವಳು ಕೃಷ್ಣನ ಕೈ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

"ಮತ್ತೆ ಎಂತ ಮಾಡುದು?"

"ಕೆಲವರು ಗಾಜಿನ ಕಪಾಟಿನಲ್ಲಿ ಇಡ್ತಾರೆ" ಎಂದೆ. ಹೇಳಿ ಕಿಟಕಿಯ ಹೊರಗೆ ನೋಡುತ್ತಾ ಕುಳಿತೆ. ನಿನ್ನ ಮನೆಯಲ್ಲಿ ಉಂಟಲ್ಲ ಅಕ್ಕ, ನೀನೇ ಇಟ್ಟುಕೋ ಎಂದು ಅವಳು ಹೇಳಬೇಕು. ನಾನು ಒಂದು ಸಲ ಬೇಡ ಎನ್ನಬೇಕು. ಅವಳು ಒತ್ತಾಯ ಮಾಡಬೇಕು. ಬಸ್ಸಿನಲ್ಲಿ ಎಲ್ಲ ಸರಿಮಾಡಿಕೊಂಡು ಬಂದಿದ್ದೆ.

"ಛೆ, ಮನೆಯ ಒಳಗೆ ಭಿನ್ನವಾದದ್ದು ಇಡುದಾ? ಯಾರಿಗಾದ್ರೂ ಎಂತಾದ್ರೂ ಆದ್ರೆ? ಸಮುದ್ರಕ್ಕೆ ಬಿಡುವ. ದ್ವಾದಶಿ ದಿನ ಬಾ. ಪಕ್ಕದ ಮನೆಯವರ ದೋಣಿ ಉಂಟು, ಹೇಳ್ತೇನೆ."

ಅಷ್ಟು ಸುಲಭವಾಗಿ ಹೇಳಿದಳು. ಸಮುದ್ರ ಎಂಬುದು ನನ್ನ ಲೆಕ್ಕದಲ್ಲೇ ಇರಲಿಲ್ಲ. ಅಲ್ಲಿಯೇ ನಿಜ ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಚಹಾ ಕುಡಿದು, ಅವಳು ಕಟ್ಟಿಕೊಟ್ಟ ಗುಳ್ಳ ತೆಗೆದುಕೊಂಡು ಬಸ್ಸು ಹತ್ತಿದೆ.

ದ್ವಾದಶಿಗೆ ಎಂಟು ದಿನವಿತ್ತು. ಆ ಎಂಟು ದಿನಗಳ ಬಗ್ಗೆ ಬರೆಯಲು ನನಗೆ ಸಂಕೋಚ, ಆದರೂ ಬರೆಯುತ್ತೇನೆ. ಮೊದಲ ಎರಡು ದಿನ ನನಗೆ ಹೆದರಿಕೆಯೇ ಆಗಲಿಲ್ಲ. ಒಂದು ಬಗೆಯ ಸಮಾಧಾನವಿತ್ತು. ನನಗಿಲ್ಲ, ಇನ್ನು ಅವಳಿಗೂ ಇಲ್ಲ, ಈಗ ಇಬ್ಬರೂ ಸಮ ಎಂದುಕೊಂಡೆ. ಇನ್ನು ಅಂಗಿ ಹೊಲಿಸುವುದು ನಿಲ್ಲುತ್ತದೆ, ಹಾಲು ಇಡುವುದು ನಿಲ್ಲುತ್ತದೆ, ಹಾಲು ಕುಡಿದನಾ ಎಂದು ಫೋನ್ ಮಾಡುವುದು ನಿಲ್ಲುತ್ತದೆ. ಅಮ್ಮ ಅವಳ ಮಡಿಲಿಗೆ ಇಟ್ಟದ್ದು ಸಮುದ್ರದ ಮಡಿಲಿಗೆ ಹೋಗುತ್ತದೆ. ನನ್ನೊಳಗೆ ಇಂಥವಳೊಬ್ಬಳು ಇಷ್ಟು ವರ್ಷ ಉಂಡು ಮಲಗಿ ಬೆಳೆದಿದ್ದಾಳೆ ಎಂದು ನನಗೇ ಗೊತ್ತಿರಲಿಲ್ಲ.

ಮೂರನೆಯ ದಿನ ಉಪನ್ಯಾಸದಲ್ಲಿ ಯಾರೋ ತೆಗೆದ ಫೋಟೋಗಳು ಮೊಬೈಲಿಗೆ ಬಂದವು. ಅಂಗೈಯನ್ನು ದೊಡ್ಡದು ಮಾಡಿ ನೋಡಿದೆ. ಕಾರ್ಕಳದವರು ಹೇಳಿದ್ದು ಸರಿ, ನುಣುಪಾಗಿತ್ತು. ಅಲ್ಲಿಂದ ಹೆದರಿಕೆ ಶುರುವಾಯಿತು. ಒಂದಕ್ಕೆ ಒಂದೇ ಎಂದಿದ್ದರು. ಇದು ನೀರಿಗೆ ಹೋದರೆ ಅಜ್ಜಿ ತೊಳೆದ, ಅಮ್ಮ ತೊಳೆದ ಆ ಮುಖ ಭೂಮಿಯ ಮೇಲೆ ಇನ್ನು ಇಲ್ಲ. ಫೋನ್ ಮಾಡಿ ಹೇಳಬಹುದಿತ್ತು. ದಿನಾ ಬೆಳಿಗ್ಗೆ ಫೋನ್ ಕೈಗೆತ್ತಿಕೊಂಡು, ಸುಳ್ಳು ಹೇಳಿದೆ ಎಂದರೆ ಯಾಕೆ ಎಂದು ಕೇಳುತ್ತಾಳೆ, ಯಾಕೆ ಎಂದರೆ ಏನು ಹೇಳಲಿ ಎಂದು ಮತ್ತೆ ಕೆಳಗಿಡುತ್ತಿದ್ದೆ.

ದ್ವಾದಶಿಯ ದಿನ ಬೆಳಿಗ್ಗೆ ಬೇಗ ಕಾಪುವಿಗೆ ಹೋದೆ. ತಂಗಿ ಅಡುಗೆಮನೆಯ ಹಿಂದಿನ ಜಗಲಿಯಲ್ಲಿ ಕೃಷ್ಣನಿಗೆ ಸ್ನಾನ ಮಾಡಿಸುತ್ತಿದ್ದಳು. ಅವಳು ಅವನಿಗೆ ಸ್ನಾನ ಮಾಡಿಸುವುದನ್ನು ನಾನು ನೋಡಿದ್ದು ಅದೇ ಮೊದಲು. ನಾನು ಹೋಗುವಷ್ಟು ಹೊತ್ತಿಗೆ ಯಾವತ್ತೂ ಅಲಂಕಾರ ಮುಗಿದಿರುತ್ತಿತ್ತು. ಮೈಗೆ ಎಣ್ಣೆ ಹಚ್ಚಿದ್ದಳು. ಜಾರದಿರಲಿ ಎಂದು ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳಿನಿಂದ ಅವನ ಎತ್ತಿದ ಅಂಗೈಯನ್ನು ಹಿಡಿದುಕೊಂಡಿದ್ದಳು, ದಾರಿ ದಾಟಿಸುವಾಗ ಮಗುವಿನ ಕೈ ಹಿಡಿಯುವ ಹಾಗೆ. ಅವಳ ಹೆಬ್ಬೆರಳು ಕೂತದ್ದು ಸರಿಯಾಗಿ ಕಿರುಬೆರಳಿನ ಜಾಗದಲ್ಲಿ. ಅಮ್ಮನೂ ಹಾಗೆಯೇ ಹಿಡಿಯುತ್ತಿದ್ದಳು. ಪಕ್ಕದಲ್ಲಿ ಕುಳಿತು ನೂರು ಪ್ರಶ್ನೆ ಕೇಳಿದ ನಾನು ಅಮ್ಮನ ಆ ಹಿಡಿತದ ಬಗ್ಗೆ ಮಾತ್ರ ಕೇಳಿರಲಿಲ್ಲ.

"ಅದು ಮುರಿದದ್ದಲ್ಲ" ಎಂದೆ. ನಿಂತುಕೊಂಡೇ ಹೇಳಿದೆ, ಚಪ್ಪಲಿ ಬಿಚ್ಚುವ ಮೊದಲೇ. "ಸವೆದದ್ದು ಅಂತ ಅವರು ಹೇಳಿದ್ದು. ಭಿನ್ನ ಅಲ್ಲ. ನಾನು ಸುಳ್ಳು ಹೇಳಿದೆ."

ಅವಳು ತಂಬಿಗೆಯ ನೀರು ಹೊಯ್ದು ಮುಗಿಸಿದಳು.

"ಗೊತ್ತುಂಟು."

"ಎಂತ ಗೊತ್ತುಂಟು?"

"ಆ ಬೆರಳು ಹೋದದ್ದು ನನ್ನ ಕೈಯಲ್ಲೇ ಅಲ್ವಾ ಮಾರಾಯ್ತಿ. ಅಮ್ಮ ಕೊಡುವಾಗ ಸ್ವಲ್ಪ ಉಳಿದಿತ್ತು, ಅಕ್ಕಿಕಾಳಿನಷ್ಟು. ದಿನಾ ಹಿಡಿದು ಹಿಡಿದು ಹೋಯ್ತು. ನನ್ನ ಕಣ್ಣ ಮುಂದೆ ಹೋದದ್ದು ಮುರಿದದ್ದಾ ಸವೆದದ್ದಾ ಅಂತ ನನಗೆ ಗೊತ್ತಾಗುದಿಲ್ವಾ?"

ನಾನು ಜಗಲಿಯ ಮೆಟ್ಟಿಲ ಮೇಲೆ ಕುಳಿತೆ. ದೋಣಿ, ಸಮುದ್ರ ಎಂದೆಲ್ಲ ಹೇಳಿದೆಯಲ್ಲ ಎಂದೆ.

"ದೋಣಿಯವರಿಗೆ ನಾನು ಹೇಳಲೇ ಇಲ್ಲ. ಸಮುದ್ರಕ್ಕೆ ಅಂದ್ರಾದ್ರೂ ನೀನು ಬಾಯಿ ಬಿಡ್ತಿ ಅಂತ ಮಾಡಿದೆ. ಬೇಡ, ನನಗೆ ಕೊಡು ಅಂತ ಕೇಳ್ತಿ ಅಂತ. ನೀನು ಆಗಲೂ ಕೇಳಲಿಲ್ಲ. ಗುಳ್ಳ ತಕೊಂಡು ಹೋದಿ."

ಅವಳು ಬಟ್ಟೆಯಿಂದ ಅವನ ಮೈ ಒರೆಸತೊಡಗಿದಳು. ಒರೆಸುತ್ತಲೇ, ನನ್ನ ಮುಖ ನೋಡದೆ ಇನ್ನೊಂದು ಮಾತು ಹೇಳಿದಳು.

"ಅಮ್ಮ ಕೊಡುವಾಗ ಹೇಳಿದ್ದಳು. ಅಕ್ಕನಿಗೆ ಆಸೆ ಉಂಟು, ಎರಡು ಸಲ ಕೇಳಿದೆ, ಬಾಯಿ ಬಿಡಲಿಲ್ಲ, ಯಾವಾಗಾದ್ರೂ ಕೇಳಿದ್ರೆ ಹಿಂದೆ ಮುಂದೆ ನೋಡದೆ ಕೊಟ್ಟುಬಿಡು ಅಂತ. ನಿನಗಾಗಿ ಇಟ್ಟುಕೊಂಡದ್ದು ಅಂತಲೇ ನಾನು ತೊಳೀತಾ ಇದ್ದೇನೆ ಅಕ್ಕ, ಹನ್ನೊಂದು ವರ್ಷ ಆಯ್ತು. ಪ್ರತಿ ಸಲ ನೀನು ಬರುವಾಗ, ಇವತ್ತು ಕೇಳ್ತಾಳೆ ಅಂತ ನೋಡುದು. ಎರಡು ದಿನಕ್ಕೆ ಕೊಡು ಅಂತ ಕೇಳಿದಿಯಲ್ಲ, ಆಗ ಕೂಡ ಹಾಗೇ ಅಂದುಕೊಂಡೆ. ಕಾರ್ಕಳದವರೆಗೆ ಹೋಗಿ ಬಂದಿ, ಇಷ್ಟು ಹತ್ತಿರ ಬಂದು ಕೇಳಲಿಲ್ಲ."

ಅವಳು ಅಳುತ್ತಿರಲಿಲ್ಲ. ಅಷ್ಟು ಸುಲಭವಾಗಿ ಅಳುವವಳು ಆ ದಿನ ಅಳಲಿಲ್ಲ. ಒರೆಸಿದ ಕೃಷ್ಣನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನನ್ನ ಮುಂದೆ ನಿಂತಳು. ಬೆಳಗಿನ ಬಿಸಿಲಿಗೆ ಅವನ ಎತ್ತಿದ ಕಾಲು, ಚಾಚಿದ ಕೈ, ಸೊಂಟದ ಬಾಗು, ಎಲ್ಲ ಚೆನ್ನಾಗಿ ಕಾಣುತ್ತಿತ್ತು.

"ಈಗ ಕೇಳು" ಎಂದಳು. "ಕೊಡ್ತೇನೆ."

ನನಗೆ ಬೇಕಾದದ್ದು ಒಂದು ಮೊಳ ದೂರದಲ್ಲಿತ್ತು. ಒಂದು ಮಾತು ಹೇಳಿದರೆ ಮಧ್ಯಾಹ್ನದೊಳಗೆ ಪರ್ಕಳದ ನನ್ನ ಮನೆಯಲ್ಲಿರುತ್ತಿತ್ತು. ಆದರೆ ಆ ಹೊತ್ತಿನಲ್ಲಿ ನನ್ನ ಹೊಟ್ಟೆಯಲ್ಲಿ ಎದ್ದದ್ದು ಕೃಷ್ಣನ ಮೇಲಿನ ಆಸೆಯಾಗಿರಲಿಲ್ಲ. ಹನ್ನೊಂದು ವರ್ಷ ಕಾದವಳು ಅವಳು. ಸುಳ್ಳು ಎಂದು ಗೊತ್ತಿದ್ದೂ ನನ್ನ ಮರ್ಯಾದೆ ಉಳಿಸಿದವಳು ಅವಳು. ಈಗ ಕೊಡುವವಳೂ ಅವಳೇ. ಅಮ್ಮ ಗುಟ್ಟಿನ ಮಾತು ಹೇಳಿಹೋದದ್ದೂ ಅವಳ ಹತ್ತಿರ. ಎಲ್ಲ ಒಳ್ಳೆಯತನವನ್ನೂ ಅವಳೇ ಇಟ್ಟುಕೊಂಡರೆ ನನಗೇನು ಉಳಿಯಿತು? ಅವಳ ಮೇಲೆ ನನಗೆ ಎಂದೂ ಇರದಷ್ಟು ಹೊಟ್ಟೆಕಿಚ್ಚಾಯಿತು.

"ಬೇಡ, ನಿನ್ನ ಹತ್ತಿರವೇ ಇರಲಿ. ನನ್ನಿಂದ ದಿನಾ ತೊಳೆಯುವುದೆಲ್ಲ ಆಗುವುದಿಲ್ಲ" ಎಂದೆ. ದೊಡ್ಡ ಮನಸ್ಸಿನ ಅಕ್ಕನ ಹಾಗೆಯೇ ಹೇಳಿದೆ. ಯಾರಾದರೂ ಕೇಳಿಸಿಕೊಂಡಿದ್ದರೆ ನನ್ನನ್ನೇ ಹೊಗಳುತ್ತಿದ್ದರು.

ಅವಳು ಕೃಷ್ಣನನ್ನು ಹಿಡಿದುಕೊಂಡೇ ಒಳಗೆ ಹೋದಳು.

ಆಮೇಲೂ ನಾನು ತಿಂಗಳಿಗೊಮ್ಮೆ ಕಾಪುವಿಗೆ ಹೋಗುತ್ತೇನೆ. ಊಟ ಮಾಡುತ್ತೇವೆ, ನಗುತ್ತೇವೆ, ಅಮ್ಮನ ಸುದ್ದಿ ಮಾತಾಡುತ್ತೇವೆ. ಹೊರಡುವಾಗ ಅವಳು ಕೈ ಒರೆಸಿಕೊಂಡು ರಸ್ತೆಯವರೆಗೆ ಬರುತ್ತಾಳೆ. ಮಾತೆಲ್ಲ ಮುಗಿದ ಮೇಲೂ ಸ್ವಲ್ಪ ಹೊತ್ತು ನನ್ನ ಬಾಯಿಯನ್ನೇ ನೋಡುತ್ತಾ ನಿಲ್ಲುತ್ತಾಳೆ. ಯಾಕೆಂದು ನನಗೆ ಗೊತ್ತಿದೆ. ಬಸ್ಸು ಬರುತ್ತದೆ, ನಾನು ಹತ್ತುತ್ತೇನೆ.